ಸೂಟಿಯ ಮರುದಿನದ ಕೆಮ್ಮು

ನಮ್ಮ ಮನೆಯಲ್ಲಿ ಅಪ್ಪನ ಬಾಯಿ ಮೂಸುವ ಕೆಲಸ ನನ್ನದಾಗಿತ್ತು. ವಾರಕ್ಕೊಂದು ದಿನ ಮಗ್ಗಕ್ಕೆ ಸೂಟಿ, ಅಂದರೆ ರಜೆ. ಆ ದಿನ ಅಪ್ಪ ಮಧ್ಯಾಹ್ನದ ಊಟ ಮುಗಿಸಿ ಸೈಕಲ್ ಹತ್ತಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸು ಬರುತ್ತಿದ್ದ. ಅವ್ವ ಹೊಸ್ತಿಲ ಹತ್ತಿರವೇ ನಿಲ್ಲಿಸುತ್ತಿದ್ದಳು. ಅಪ್ಪ ಎರಡೂ ಕೈ ಮೊಣಕಾಲಿನ ಮೇಲಿಟ್ಟು ನನ್ನ ಎತ್ತರಕ್ಕೆ ಬಗ್ಗಿ "ಹಾ" ಅನ್ನಬೇಕು. ನಾನು ಮೂಸಿ, ಬೀಡಿ ವಾಸನೆ ಇದೆಯೋ ಇಲ್ಲವೋ ಹೇಳಬೇಕು. ಇಲ್ಲ ಅಂದರೆ ಅಪ್ಪನಿಗೆ ಚಹಾ ಸಿಗುತ್ತಿತ್ತು.

ಅವ್ವ ತಾನೇ ಯಾಕೆ ಮೂಸುತ್ತಿರಲಿಲ್ಲ ಅಂದರೆ, ಗಂಡನ ಬಾಯಿ ಮೂಸುವುದನ್ನು ಓಣಿಯಲ್ಲಿ ಯಾರಾದರೂ ನೋಡಿದರೆ ಏನಂದಾರು ಅಂತ. ಮಗಳು ಮೂಸಿದರೆ ಅದು ಆಟದ ಹಾಗೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ಅವ್ವನ ಅಪ್ಪ ಬೀಡಿ ಸೇದಿ ಸೇದಿ ಎದೆ ಕೆಡಿಸಿಕೊಂಡು ಕೆಮ್ಮುತ್ತಲೇ ತೀರಿಕೊಂಡವನು. ನನ್ನಪ್ಪನೂ ಮದುವೆಗೆ ಮುಂಚೆ ಸೇದುತ್ತಿದ್ದ, ಮದುವೆಯಾದ ಮೇಲೂ ಕದ್ದು ಸೇದುತ್ತಿದ್ದ. ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ಅವ್ವ ಬಂದ ಬಳಗದ ಎದುರಿಗೇ ಅಪ್ಪನ ಬಲಗೈ ಹಿಡಿದು ನನ್ನ ನೆತ್ತಿಯ ಮೇಲಿಟ್ಟು, ಇನ್ನು ಬೀಡಿ ಮುಟ್ಟುವುದಿಲ್ಲ ಅಂತ ಆಣೆ ಮಾಡಿಸಿಕೊಂಡಳು. ತಲೆ ಮುಟ್ಟಿ ಮಾಡಿದ ಆಣೆ ತಪ್ಪಿದರೆ ಕೇಡು ತಟ್ಟುವುದು ಆಣೆ ಮಾಡಿದವರಿಗಲ್ಲ, ತಲೆ ಯಾರದೋ ಅವರಿಗೆ. ಹಾಗಾಗಿ ನನಗೆ ನೆಗಡಿಯಾದರೂ ಅವ್ವ ಮೊದಲು ನೋಡುತ್ತಿದ್ದದ್ದು ಅಪ್ಪನ ಮುಖವನ್ನು. ಆಮೇಲೆ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು.

ನಾವಿದ್ದದ್ದು ಇಚಲಕರಂಜಿಯ ಶಹಾಪುರದಲ್ಲಿ. ಅಪ್ಪನ ಅಪ್ಪನ ಕಾಲಕ್ಕೆ ಬೆಳಗಾವಿ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವರು. ಅಪ್ಪ ವಿದ್ಯುತ್ ಮಗ್ಗ ನಡೆಸುತ್ತಿದ್ದ. ಅವ್ವ ಅದೇ ಓಣಿಯ ಇನ್ನೊಂದು ಕಡೆ ಮೆಂಡಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಅಂದರೆ ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಅಂಗೈಯಿಂದ ಸವರಿ, ಎಲ್ಲಿ ಎಳೆ ಹರಿದಿದೆ, ಎಲ್ಲಿ ಗಂಟು ಬಿದ್ದಿದೆ ಹುಡುಕುವುದು. ಇಡೀ ದಿನ ತಪ್ಪು ಹುಡುಕಿ ಬಂದವಳು ಮನೆಯಲ್ಲಿ ಸುಮ್ಮನೆ ಕೂಡುವುದು ಹೇಗೆ? ನನ್ನ ಲೆಕ್ಕದ ಪುಸ್ತಕವನ್ನೂ ಅಂಗೈಯಿಂದ ಸವರಿಯೇ ನೋಡುತ್ತಿದ್ದಳು, ಓದಲು ಬಾರದಿದ್ದರೂ. ಅಳಿಸಿ ಬರೆದದ್ದು ಕೈಗೆ ಗೊತ್ತಾಗುತ್ತದೆ ಅನ್ನುತ್ತಿದ್ದಳು. ಗೊತ್ತಾಗುತ್ತಿತ್ತು ಕೂಡ. ಆ ಕೈ ನನಗೂ ಬಂದಿದೆ. ನಾನು ಅನುಮಾನದ ಹೆಣ್ಣು. ಅದನ್ನು ಮುಚ್ಚಿಟ್ಟುಕೊಳ್ಳುವ ಆಸೆ ನನಗಿಲ್ಲ.

ಅಪ್ಪನ ವಿರುದ್ಧ ಅವ್ವನ ಹತ್ತಿರ ಬಲವಾದ ಸಾಕ್ಷಿಯಿತ್ತು. ಸೂಟಿಯ ಮರುದಿನ ಪಾಳಿ ಮುಗಿಸಿ ಬಂದ ಅಪ್ಪನಿಗೆ ಎದೆ ಹಿಡಿದುಕೊಳ್ಳುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ಕೆಮ್ಮುತ್ತಿದ್ದ, ಕೂತ ಮೇಲೂ ಉಸಿರು ಮೇಲಕ್ಕೇ ನಿಲ್ಲುತ್ತಿತ್ತು. ಅದರ ಮರುದಿನ ಸ್ವಲ್ಪ ಕಡಿಮೆ. ವಾರ ಮುಗಿಯುವಷ್ಟರಲ್ಲಿ ಆರಾಮ. ಮತ್ತೆ ಸೂಟಿ, ಮತ್ತೆ ಮರುದಿನ ಕೆಮ್ಮು.

"ಮಗ್ಗದ ಧೂಳ ಕುಂತು ಕೆಮ್ಮಾಕತ್ತೇನಿ" ಅಂತ ಅಪ್ಪ.

"ಧೂಳ ಆಗಿದ್ರ ದಿನಾ ಕೆಮ್ಮಬೇಕು. ಸೂಟಿ ದಿವಸ ಹೊರಗ ಹೋಗ್ತಿ, ಮರುದಿವಸ ಕೆಮ್ಮತಿ. ನನಗ ಲೆಕ್ಕಾ ಬರಂಗಿಲ್ಲ ಅಂದ್ಕೊಂಡಿಯೇನ?" ಅಂತ ಅವ್ವ.

ಅವ್ವನ ವಾದ ಗಟ್ಟಿ ಬಟ್ಟೆಯ ಹಾಗಿತ್ತು, ಎಲ್ಲಿಯೂ ಎಳೆ ಸಡಿಲವಿರಲಿಲ್ಲ. ಅಪ್ಪ ಹೋಗುತ್ತಿದ್ದದ್ದು ಪಂಚಗಂಗೆಯ ದಂಡೆಯ ಹತ್ತಿರ ಒಂದು ಚಹಾದಂಗಡಿಗೆ. ಅಲ್ಲಿ ಅವನ ಮಗ್ಗದ ಗೆಳೆಯರು ಇಬ್ಬರು ಕೂಡುತ್ತಿದ್ದರು. ಇಬ್ಬರೂ ಸೇದುವವರು. ಅಂಗಿಗೆ ಅವರ ಹೊಗೆ ಹತ್ತಿರುತ್ತಿತ್ತು. ಅದಕ್ಕೇ ಅವ್ವ ಅಂಗಿಯನ್ನು ನಂಬದೆ ಬಾಯಿಯನ್ನು ಮೂಸಿಸುತ್ತಿದ್ದಳು. ಎಷ್ಟೋ ವರ್ಷ ನಾನು "ಇಲ್ಲ" ಅಂದೆ. ಒಂದು ಸಲ ಮಾತ್ರ "ಐತಿ" ಅಂದೆ.

ನಾನು ಆಗ ಐದನೆಯ ಇಯತ್ತೆಯಲ್ಲಿ ಓದುತ್ತಿದ್ದೆ. ಬರುವಾಗ ಭಡಂಗ ತರುತ್ತೇನೆ ಅಂದಿದ್ದ ಅಪ್ಪ ಮರೆತು ಬರಿಗೈಯಲ್ಲಿ ಬಂದಿದ್ದ. ಖಾರ ಹಚ್ಚಿದ ಆ ಚುರಮುರಿಗಾಗಿ ಸಂಜೆಯಿಂದ ಬಾಗಿಲಲ್ಲಿ ಕೂತಿದ್ದ ನನಗೆ ಸಿಟ್ಟು ನೆತ್ತಿಗೇರಿತ್ತು. ಅಪ್ಪ ಬಗ್ಗಿ "ಹಾ" ಅಂದ. ಚಹಾದ ವಾಸನೆ ಬಂತು, ಮತ್ತೇನೂ ಬರಲಿಲ್ಲ. ನಾನು ಅವ್ವನ ಕಡೆ ತಿರುಗಿ "ಐತಿ" ಅಂದೆ. ಅಪ್ಪ ನನ್ನನ್ನು ಒಂದು ಗಳಿಗೆ ನೋಡಿದ. ಒಳಗೆ ಹೋಗಿ ಗೋಡೆಗೆ ಒರಗಿ ಕೂತ. ಅದಾದ ಕೆಲವು ವಾರಕ್ಕೆ ನನಗೆ ಟೈಫಾಯ್ಡ್ ಬಂತು. ಅಲ್ಲಿಗೆ ಮುಗಿಯಿತು. ಅವ್ವನಿಗೆ ಇನ್ನು ಯಾವ ಸಾಕ್ಷಿಯೂ ಬೇಕಾಗಲಿಲ್ಲ. ಜ್ವರ ಇಳಿದ ಮೇಲೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಆಮೇಲೆ ನಿಧಾನವಾಗಿ ನನಗೇ ಅನ್ನಿಸತೊಡಗಿತು, ಅವತ್ತು ನಿಜವಾಗಿಯೂ ವಾಸನೆ ಬಂದಿತ್ತೇನೋ ಅಂತ. ಬಂದಿರದಿದ್ದರೆ ಜ್ವರ ಯಾಕೆ ಬಂತು?

ಹನ್ನೆರಡನೆಯದು ಮುಗಿದ ಮೇಲೆ ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ಔಷಧಶಾಸ್ತ್ರದ ಡಿಪ್ಲೊಮಾಕ್ಕೆ ಸೇರಿ ಅಲ್ಲಿಯ ಹಾಸ್ಟೆಲಿನಲ್ಲಿ ಉಳಿದೆ. ಅಂಗಡಿಯವರು ಕೊಡುವ ಗುಳಿಗೆ ಖರೆಯದೋ ಅಲ್ಲವೋ ಅನ್ನುವ ಅನುಮಾನ ನನಗೆ ಚಿಕ್ಕಂದಿನಿಂದ ಇತ್ತು. ಅದನ್ನು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಕಾಣಲಿಲ್ಲ. ಮೊದಲ ವರ್ಷದಲ್ಲಿ ಮನುಷ್ಯನ ಅಂಗರಚನೆ ಒಂದು ವಿಷಯ. ನಮಗೆ ಹೆಣ ಕೊಯ್ಯುವುದಿಲ್ಲ, ಅದು ಡಾಕ್ಟರ ಆಗುವವರಿಗೆ. ನಮಗೆ ಎಲುಬಿನ ಪೆಟ್ಟಿಗೆ, ಗೋಡೆಯ ಚಿತ್ರ, ಹೊಟ್ಟೆ ತೆರೆದು ಒಂದೊಂದೇ ಅಂಗ ಹೊರಗೆ ತೆಗೆಯಬಹುದಾದ ಒಂದು ಪ್ಲಾಸ್ಟಿಕ್ ಮನುಷ್ಯ.

ಮೊದಲ ದಿನ ಮೇಡಮ್ ಎಲುಬಿನ ಪೆಟ್ಟಿಗೆ ತೆರೆದಾಗ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಮುಂದೆ ಹೋಗಿ ತೊಡೆಯ ಎಲುಬನ್ನು ಉಗುರಿನಿಂದ ಬಡಿದೆ. ಖರೆಯದೋ ಪ್ಲಾಸ್ಟಿಕ್ಕೋ ಗೊತ್ತಾಗಲಿಲ್ಲ. ಬೆಳಕಿಗೆ ಹಿಡಿದೆ, ಮೂಸಿದೆ. ಫಿನಾಯಿಲ್ ವಾಸನೆ ಬಂತು. ಮೇಡಮ್ ಕನ್ನಡಕದ ಮೇಲಿನಿಂದ ನೋಡಿ ಮರಾಠಿಯಲ್ಲಿ, ಇದು ಭಾಜಿ ಮಾರ್ಕೆಟ್ ಅಲ್ಲ, ಕೆಳಗಿಡು ಅಂದರು. ನನ್ನ ಜೋಡಿಗೆ ಬಂದವಳು ಉದಗಾಂವದ ಜೈನ ರೈತರ ಮನೆಯ ಹುಡುಗಿ. ಅವಳು ಎಲುಬನ್ನು ಬರಿಗೈಯಲ್ಲಿ ಮುಟ್ಟದೆ ಕರವಸ್ತ್ರದಲ್ಲಿ ಹಿಡಿಯುತ್ತಿದ್ದಳು. ಆದರೆ ಇನ್ನೂರಾ ಆರು ಎಲುಬಿನ ಹೆಸರನ್ನೂ ನನಗಿಂತ ಮೊದಲು ಬಾಯಿಪಾಠ ಮಾಡಿದವಳು ಅವಳೇ.

"ನಿನ್ನ ಮುಂದ ದೇವ್ರು ಬಂದ ನಿಂತ್ರೂ ನೀ ಆಧಾರ ಕಾರ್ಡ ಕೇಳಾಕಿ" ಅಂತ ಅವಳು ಚೇಷ್ಟೆ ಮಾಡುತ್ತಿದ್ದಳು.

ಅನುಮಾನ ಪಡದೆ ಇರುವುದು ಹೇಗೆ? ಪ್ರಯೋಗದ ದಿನ ತರಗತಿಯ ಎಲ್ಲರ ರಕ್ತದೊತ್ತಡವೂ ನೂರಾ ಇಪ್ಪತ್ತು, ಎಂಬತ್ತು. ದಪ್ಪನವರದು, ಸಣ್ಣವರದು, ಬಸ್ಸು ತಪ್ಪಿ ಓಡಿ ಬಂದವರದು, ಎಲ್ಲರದೂ ಅಷ್ಟೇ. ಪುಸ್ತಕದಲ್ಲಿ ಸರಿ ಅಂತ ಏನು ಬರೆದಿದೆಯೋ ಅದನ್ನೇ ಎಲ್ಲರೂ ಜರ್ನಲ್ಲಿಗೆ ಇಳಿಸುತ್ತಿದ್ದರು. ನಾನು ನನ್ನದನ್ನು ಮೂರು ಸಲ ನೋಡಿ ಬಂದದ್ದನ್ನು ಬರೆದೆ, ಅದಕ್ಕೆ ಕೆಂಪು ಗೆರೆ ಬಿತ್ತು. ಮನೆಗೆ ಹೋದರೆ ಅವ್ವನಿಗೆ ನನ್ನ ಕೈಯ ಮೇಲೇ ಅನುಮಾನ. ಯಾರದೋ ಎಲುಬು ಮುಟ್ಟಿ ಬಂದವಳು ಅಂತ ಬಚ್ಚಲಿಗೆ ಹೋಗಿ ಬರುವವರೆಗೆ ಅಡುಗೆಮನೆಯ ಹತ್ತಿರ ಸೇರಿಸುತ್ತಿರಲಿಲ್ಲ. ಪ್ಲಾಸ್ಟಿಕ್ ಇರಬಹುದವ್ವಾ ಅಂದರೆ, ಇರಬಹುದು ಅಂದ್ರ ಇರ್ಲಿಕ್ಕೂ ಇಲ್ಲ ಅನ್ನುತ್ತಿದ್ದಳು.

ಪುಪ್ಪುಸದ, ಅಂದರೆ ಶ್ವಾಸಕೋಶದ ಪಾಠ ಬಂದ ದಿನ ಮೇಡಮ್ ಪ್ಲಾಸ್ಟಿಕ್ ಮನುಷ್ಯನ ಎದೆ ತೆರೆದು ಎರಡು ಗುಲಾಬಿ ಬಣ್ಣದ ಚೀಲ ಹೊರಗೆ ತೆಗೆದರು. ಬೀಡಿ ಸೇದುವವರದು ಹೀಗಿರುವುದಿಲ್ಲ, ಕಪ್ಪಗಿರುತ್ತದೆ ಅಂದರು. ನನಗೆ ಅಷ್ಟೇ ಸಾಕಾಯಿತು. ಅದರ ಮುಂದೆ ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನ ಪ್ರಯೋಗಕ್ಕೆ ಒಂದು ಪ್ಲಾಸ್ಟಿಕ್ ನಳಿಗೆ ಕೊಟ್ಟರು. ಒಂದು ತುದಿಗೆ ಬಾಯಿ ಇಟ್ಟು ಜೋರಾಗಿ ಊದಿದರೆ ಪಕ್ಕದ ಗೀರುಗಳ ಮೇಲೆ ಕೆಂಪು ಮುಳ್ಳು ಮುಂದೆ ಸರಿಯುತ್ತದೆ. ಎದೆಯಲ್ಲಿ ಎಷ್ಟು ಜೋರಿದೆ ಅಂತ ಅದು ತೋರಿಸುತ್ತದೆ. ಮೂರು ಸಲ ಊದಬೇಕು, ಎಲ್ಲಕ್ಕಿಂತ ಹೆಚ್ಚಿನದನ್ನು ಬರೆದುಕೊಳ್ಳಬೇಕು. ಉದಗಾಂವದವಳು ಊದಿ ಊದಿ ಕೆಂಪಾದಳು. ನಾನು ಆ ಮುಳ್ಳನ್ನೇ ನೋಡುತ್ತ ಕೂತೆ. ಮೂಗು ಸುಳ್ಳು ಹೇಳಬಹುದು, ಮುಳ್ಳು ಹೇಳಲಾರದು ಅನ್ನಿಸಿತು. ಇಷ್ಟು ವರ್ಷ ನಮ್ಮ ಮನೆಯಲ್ಲಿ ತೀರದ ಜಗಳವನ್ನು ತೀರಿಸಬಲ್ಲ ವಸ್ತು ಕೈಯಲ್ಲಿತ್ತು.

ಓಣಿಯ ಒಬ್ಬ ಅಜ್ಜನಿಗೆ ದಮ್ಮು ಇದೆ, ಊದಿಸಿ ನೋಡಿ ತರುತ್ತೇನೆ ಅಂತ ಮೇಡಮ್ಮಿಗೆ ಸುಳ್ಳು ಹೇಳಿ ಆ ನಳಿಗೆಯನ್ನು ಎರಡು ದಿನಕ್ಕೆ ಕೇಳಿಕೊಂಡೆ. ಬಸ್ಸು ಸಂಕೇಶ್ವರ, ನಿಪ್ಪಾಣಿ ಹಾದು ಕಾಗಲಕ್ಕೆ ಬರುವವರೆಗೂ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಅದು ಸೂಟಿಯ ಮರುದಿನ. ಬೇಕಂತಲೇ ಆ ದಿನವನ್ನು ಆರಿಸಿಕೊಂಡಿದ್ದೆ.

ಅಪ್ಪ ಪಾಳಿ ಮುಗಿಸಿ ಬಂದವನು ಬಾಗಿಲಲ್ಲಿ ನಿಂತು ಕೆಮ್ಮಿದ. ತಲೆಗೂದಲಿನಲ್ಲಿ, ಹುಬ್ಬಿನಲ್ಲಿ ಬಿಳಿ ಅರಳೆ ಹತ್ತಿತ್ತು. ನೀರು ಕುಡಿದು ಕೂತ ಮೇಲೆ ನಳಿಗೆ ಕೈಗೆ ಕೊಟ್ಟೆ.

"ಏನಿದು?"

"ಕಾಲೇಜಿಂದು. ಎಲ್ಲಾರ ಮನ್ಯಾಗೂ ನೋಡಿ ಬರಾಕ ಹೇಳ್ಯಾರ. ಬಾಯಿ ಇಟ್ಟ ಜೋರ ಊದು."

ಅಪ್ಪ ನಳಿಗೆಯನ್ನು ಹಿಂದೆ ಮುಂದೆ ತಿರುವಿ ನೋಡಿದ. ಅವ್ವ ಒಲೆಯ ಹತ್ತಿರದಿಂದ ಎದ್ದು ಬಂದು ಗೋಡೆಗೆ ನಿಂತಳು. ಅವಳು ಬಂದು ನಿಂತದ್ದನ್ನು ನೋಡಿದ ಕೂಡಲೇ ಅಪ್ಪನಿಗೆ ಅರ್ಥವಾಗಿರಬೇಕು. ಆದರೂ ಬಾಯಿಗಿಟ್ಟುಕೊಂಡ. ಗಲ್ಲ ಒಳಗೆ ಹೋದವು. ಮುಳ್ಳು ಅಲ್ಲಾಡಲಿಲ್ಲ.

"ಊದಪಾ, ಎಳೀಬ್ಯಾಡ" ಅಂದೆ. ಎರಡನೆಯ ಸಲವೂ ಗಲ್ಲ ಒಳಗೇ ಹೋದವು. ಅವನು ಊದುತ್ತಿರಲಿಲ್ಲ, ಒಳಗೆ ಎಳೆದುಕೊಳ್ಳುತ್ತಿದ್ದ. ನನಗೆ ಸಿಟ್ಟು ಬಂತು. ಸಿಕ್ಕಿಬೀಳುವ ಹೆದರಿಕೆಗೆ ಬೇಕಂತಲೇ ತಿರುಗಮುರುಗ ಮಾಡುತ್ತಿದ್ದಾನೆ ಅಂದುಕೊಂಡೆ. ಊದುವುದು ಯಾವುದು, ಎಳೆಯುವುದು ಯಾವುದು ಗೊತ್ತಾಗದಷ್ಟು ದಡ್ಡನಲ್ಲ ನನ್ನಪ್ಪ.

"ನಾಟಕಾ ನೋಡು" ಅಂದಳು ಅವ್ವ.

ಅಪ್ಪ ನಳಿಗೆಯನ್ನು ಬಾಯಿಂದ ತೆಗೆದು ತುಟಿ ಒರೆಸಿಕೊಂಡ. "ರೂಢಿ ಆಗೇತಿ. ಇಂಥಾದ್ದು ಬಾಯಿಗೆ ಬಂತಂದ್ರ ತಾನಽ ಎಳೀತದ" ಅಂದ. ಏನು ರೂಢಿ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ನನಗೆ ಆಗ ಕೇಳಿಸಿದ್ದು ಬೀಡಿಯ ರೂಢಿ ಅಂತ. ಅವ್ವನಿಗೂ ಹಾಗೇ ಕೇಳಿಸಿತು, ಅವಳು ನನ್ನ ಕಡೆ ನೋಡಿದಳು. ಮೂರನೆಯ ಸಲ ಅಪ್ಪ ಕಣ್ಣು ಮುಚ್ಚಿಕೊಂಡು, ನೆನಪಿಟ್ಟುಕೊಂಡು ಊದಿದ. ಮುಳ್ಳು ಸ್ವಲ್ಪ ದೂರ ಹೋಗಿ ನಿಂತಿತು, ನಾನು ಊದಿದ್ದರ ಅರ್ಧಕ್ಕೂ ಬರಲಿಲ್ಲ. ಇನ್ನೆರಡು ಸಲ ಊದಿಸಿದೆ, ಅಷ್ಟೇ ಬಂತು. ಕೊನೆಯ ಸಲ ಊದಿ ಅವನು ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡ.

ನಾನು ಪುಸ್ತಕ ತೆಗೆದು ಮುಳ್ಳಿನ ಸಂಖ್ಯೆ ಬರೆದು, ಅದರ ಮುಂದೆ ಬೀಡಿ: ಹೌದು, ಅಂತ ಬರೆದೆ. ಅಪ್ಪನಿಗೆ ಓದಲು ಬರುತ್ತದೆ. ಬಗ್ಗಿ ನೋಡಿದ.

"ಅದು ನಿನ್ನ ಮಷೀನ ಹೇಳ್ತೇನ, ನೀ ಬರದಿಯೇನ?"

ನಾನು ಪುಸ್ತಕ ಮುಚ್ಚಿದೆ. ಅವನು ಎದ್ದು ಕೈಕಾಲು ತೊಳೆಯಲು ಹೋದ. ಅವ್ವ ಆ ದಿನ ಊಟಕ್ಕೆ ಬಡಿಸುವಾಗ ಒಂದು ಮಾತೂ ಆಡಲಿಲ್ಲ. ಗೆದ್ದವರು ಮಾತಾಡುವುದಿಲ್ಲ ಅನ್ನುವ ಹಾಗಿತ್ತು ಅವಳ ಮುಖ. ನಾನೂ ಗೆದ್ದವಳೇ. ಆದರೆ ಅರ್ಧ ಊಟಕ್ಕೇ ಕೈ ತೊಳೆದುಕೊಂಡೆ.

ನಳಿಗೆ ವಾಪಸು ಕೊಡುವಾಗ ಮೇಡಮ್ ನನ್ನ ಪುಸ್ತಕ ನೋಡಿದರು. ಇದು ಅಜ್ಜನ ವಯಸ್ಸಲ್ಲವಲ್ಲ ಅಂದರು. ವಯಸ್ಸಿನ ಜಾಗದಲ್ಲಿ ಅಪ್ಪನ ವಯಸ್ಸನ್ನೇ ಬರೆದುಬಿಟ್ಟಿದ್ದೆ. ತಲೆ ತಗ್ಗಿಸಿದೆ. ಕೆಲಸ ಏನು ಅಂತ ಕೇಳಿದರು. ಮಗ್ಗ ಅಂದೆ. ಎಷ್ಟು ವರ್ಷ ಅಂದರು. ಮೂವತ್ತರ ಹತ್ತಿರ ಅಂದೆ. ಕೆಮ್ಮು ದಿನವೂ ಒಂದೇ ಸಮ ಇರುತ್ತದೋ ಹೆಚ್ಚು ಕಡಿಮೆ ಆಗುತ್ತದೋ ಅಂದರು. ನಾನು ಧೈರ್ಯ ತಂದುಕೊಂಡು ಅವ್ವನ ವಾದವನ್ನೇ ಹೇಳಿದೆ, ವಾರವೆಲ್ಲ ಇಳಿಯುತ್ತ ಬರುತ್ತದೆ, ಸೂಟಿಯ ಮರುದಿನ ಮಾತ್ರ ಭಾಳ, ಅದಕ್ಕೇ ಬೀಡಿ ಅಂತ.

ಮೇಡಮ್ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು ಒಂದು ಪುಟ ತೋರಿಸಿ, ನೀನೇ ಓದು ಅಂದರು. ಅರಳೆಯ ಧೂಳಿನಿಂದ ಬರುವ ಎದೆರೋಗ, ಬಿಸಿನೋಸಿಸ್ ಅಂತ ಹೆಸರು. ಅದರ ಮೊದಲ ಗುರುತೇ ಇದು: ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುತ್ತದೆ, ಆಮೇಲಿನ ದಿನಗಳಲ್ಲಿ ಇಳಿಯುತ್ತದೆ. ಒಂದು ದಿನ ಧೂಳು ತಪ್ಪಿದ ಎದೆಗೆ ಮರುದಿನ ಮತ್ತೆ ಧೂಳು ಹೊಕ್ಕಾಗ ಹಾಗಾಗುತ್ತದೆ. ಪುಪ್ಪುಸದ ಪಾಠದ ದಿನ ಇದನ್ನು ಹೇಳಿದ್ದೆ, ಆಗ ನೀನು ಎಲ್ಲಿದ್ದೆ ಅಂತ ಮೇಡಮ್ ಕೇಳಿದರು. ನಾನು ಅಲ್ಲೇ ಇದ್ದೆ, ಮುಂದಿನ ಬೆಂಚಿನಲ್ಲೇ.

ಆ ಪುಟವನ್ನು ಮೂರು ಸಲ ಓದಿದೆ. ಮೊದಲು ಪುಸ್ತಕದ ಮೇಲೇ ಅನುಮಾನ ಬಂತು. ಯಾವ ವರ್ಷದ್ದು, ಬರೆದವರು ಯಾವ ದೇಶದವರು ಅಂತ ಮೊದಲ ಪುಟ ತಿರುವಿ ನೋಡಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಉದಗಾಂವದವಳು ಬಂದು ಪಕ್ಕಕ್ಕೆ ಕೂತಳು. ಅವಳಿಗೆ ಎಲ್ಲ ಹೇಳಿದೆ, ಅಪ್ಪ ಊದುವ ಬದಲು ಎಳೆದದ್ದನ್ನೂ ಹೇಳಿದೆ. ಅವಳು ಯೋಚನೆ ಮಾಡಿ, "ನಿಮ್ಮಪ್ಪ ಮಗ್ಗದ ಮ್ಯಾಲ ಬಾಯಿಲೆ ಏನರ ಎಳೀತಾರೇನ?" ಅಂದಳು.

ಎಳೆಯುತ್ತಾನೆ. ಮಗ್ಗದ ಓಣಿಯಲ್ಲಿ ಹುಟ್ಟಿದ ನನಗೆ ಹೊಳೆಯದ ಮಾತು ಕಬ್ಬಿನ ಹೊಲದಲ್ಲಿ ಬೆಳೆದವಳಿಗೆ ಹೊಳೆಯಿತು. ಲಾಳಿಯೊಳಗಿನ ನೂಲು ಸುತ್ತಿದ ಕಂಡಿಕೆ ಮುಗಿದಾಗ ಹೊಸ ಕಂಡಿಕೆ ಹಾಕಿ, ಲಾಳಿಯ ಪಕ್ಕದ ಸಣ್ಣ ತೂತಿಗೆ ಬಾಯಿ ಇಟ್ಟು ಒಂದು ಸಲ ಎಳೆದರೆ ನೂಲಿನ ತುದಿ ಒಳಗಿನಿಂದ ತೂತಿನ ಹೊರಗೆ ಬರುತ್ತದೆ. ಹಳೆಯ ಮಗ್ಗದಲ್ಲಿ ಕೆಲವು ನಿಮಿಷಕ್ಕೊಮ್ಮೆ ಹೀಗೆ ಎಳೆಯಲೇಬೇಕು. ನೂಲಿನ ಜೊತೆಗೆ ಧೂಳೂ ಬರುತ್ತದೆ. ಅಪ್ಪನಿಗೆ ಬುತ್ತಿ ಕೊಡಲು ಹೋದಾಗೆಲ್ಲ ಇದನ್ನು ನೋಡಿದ್ದೇನೆ. ಎಳೆದು, ಪಕ್ಕಕ್ಕೆ ಉಗುಳಿ, ಲಾಳಿ ಕೂರಿಸಿ, ಮುಂದಿನ ಮಗ್ಗಕ್ಕೆ ಹೋಗುತ್ತಿದ್ದ. ಮೂವತ್ತು ವರ್ಷ ಬಾಯಿಗೆ ಬಂದದ್ದನ್ನು ಎಳೆದವನ ಕೈಗೆ ನಾನು ನಳಿಗೆ ಕೊಟ್ಟು, ಎಳೆದ ಅಂತ ಕಳ್ಳನನ್ನಾಗಿ ಮಾಡಿದ್ದೆ. ಮೆಟ್ಟಿಲ ಮೇಲೆ ಕೂತು ಅತ್ತೆ. ಅವಳು ಎಲುಬು ಹಿಡಿಯುವ ಕರವಸ್ತ್ರವನ್ನೇ ನನಗೆ ಕೊಟ್ಟಳು.

ಆ ವಾರವೇ ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತ ಕೇಳಿಸಿಕೊಂಡಳು.

"ಪುಸ್ತಕಾ ಬರದಾಂವ ನಿಮ್ಮಪ್ಪನ್ನ ನೋಡ್ಯಾನೇನ?"

"ನೋಡಿಲ್ಲ. ಆದ್ರ ನಿನ್ನ ಅಪ್ಪನ ಕೆಮ್ಮ ಹೆಂಗಿತ್ತು ಹೇಳು. ಸೂಟಿಗೊಮ್ಮೆ ಬರ್ತಿತ್ತೇನ?"

ಅವ್ವನ ಕೈ ನಿಂತಿತು. ಅವ್ವನ ಅಪ್ಪ ಹೊಲದಲ್ಲಿ ದುಡಿದವನು. ಅವನ ಕೆಮ್ಮಿಗೆ ವಾರವೂ ಇರಲಿಲ್ಲ, ಸೂಟಿಯೂ ಇರಲಿಲ್ಲ, ದಿನಾ ಬೆಳಗಾದರೆ ಕೆಮ್ಮುತ್ತಿದ್ದ. ಅವ್ವ ಒಪ್ಪಿಕೊಳ್ಳಲಿಲ್ಲ, ಒಪ್ಪುವುದಿಲ್ಲ ಅಂತಲೂ ಅನ್ನಲಿಲ್ಲ. ಮುಂದಿನ ಸೂಟಿಗೆ ಅವಳು ತನ್ನ ಕೆಲಸಕ್ಕೆ ರಜೆ ಹಾಕಿದಳು, ನಾನೂ ಕಾಲೇಜು ತಪ್ಪಿಸಿ ಮನೆಯಲ್ಲಿ ಉಳಿದೆ. ಅಪ್ಪ ಸೈಕಲ್ ಒರೆಸುತ್ತಿದ್ದಾಗ ಹೋಗಿ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಇವತ್ತ ಎಲ್ಲೂ ಹೋಗಬ್ಯಾಡ. ನನ್ನ ಕಣ್ಣ ಮುಂದ ಕುಂದ್ರು."

ಅಪ್ಪ ಕೂತ. ಬೆಳಗಿನಿಂದ ಸಂಜೆಯವರೆಗೆ ಕೂತ. ಅವ್ವ ಪಕ್ಕದಲ್ಲೇ ಕೂತು ಹರಿದ ಕೌದಿ ಹೊಲಿದಳು. ಅವನು ಬಚ್ಚಲಿಗೆ ಹೋದರೆ ಹೊರಗೆ ನಿಂತಳು. ಇದನ್ನೆಲ್ಲ ನೋಡುತ್ತ ಅಪ್ಪನಿಗೆ ನಗು ಬರುತ್ತಿತ್ತು, ಆದರೆ ನಗಲಿಲ್ಲ. ಬೀಡಿ ಹಾಗಿರಲಿ, ಬೀಡಿ ಸೇದುವವರ ನೆರಳೂ ಅವನ ಮೇಲೆ ಬೀಳಲಿಲ್ಲ.

ಮರುದಿನ ಅವನು ಪಾಳಿ ಮುಗಿಸಿ ಬರುವ ಹೊತ್ತಿಗೆ ನಾವಿಬ್ಬರೂ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದೆವು. ಕೆಮ್ಮದಿದ್ದರೆ ಅವ್ವನ ಮಾತು ಖರೆ, ಕೆಮ್ಮಿದರೆ ಅಪ್ಪನದು. ಅವನು ಕೆಮ್ಮಬಾರದು ಅಂತಲೂ ನನಗನ್ನಿಸಿತು, ಕೆಮ್ಮಲಿ ಅಂತಲೂ ಅನ್ನಿಸಿತು. ಸ್ವಂತ ಅಪ್ಪನ ಕೆಮ್ಮಿಗಾಗಿ ಹೀಗೆ ಕಾದು ಕೂತದ್ದಕ್ಕೆ ನನಗೆ ನಾಚಿಕೆಯಾಯಿತು. ಸೈಕಲ್ ನಿಲ್ಲಿಸಿದ ಸದ್ದಾಯಿತು. ಅಪ್ಪ ಬಂದು ಚೌಕಟ್ಟು ಹಿಡಿದ. ಬಗ್ಗಿದ. ಎದೆಯೊಳಗಿಂದ ಕೆಮ್ಮು ಕಿತ್ತುಕೊಂಡು ಬಂತು, ನಿಲ್ಲಲಿಲ್ಲ.

ಅವ್ವ ಎದ್ದು ಹೋಗಿ ಅವನ ಬೆನ್ನ ಮೇಲೆ ಅಂಗೈ ಇಟ್ಟಳು. ಬಟ್ಟೆ ಸವರುವ ಹಾಗೆ ಮೇಲಿನಿಂದ ಕೆಳಗೆ ಸವರಿದಳು. ಕೆಮ್ಮು ನಿಂತ ಮೇಲೆ, "ನಾಳೆ ಕೊಲ್ಲಾಪುರಕ್ಕ ಹೋಗೂಣು" ಅಂದಳು.

ಕೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ಬೆಳಗಿನಿಂದ ಸಾಲಿನಲ್ಲಿ ನಿಂತು ಡಾಕ್ಟರರ ಎದುರು ಕೂತಾಗ ಹೊತ್ತು ನೆತ್ತಿಗೆ ಬಂದಿತ್ತು. ಡಾಕ್ಟರ್ ಚಿಕ್ಕ ವಯಸ್ಸಿನವರು. ಅಪ್ಪನ ಕೆಮ್ಮು ಕೇಳಿಸಿಕೊಂಡು, ತಲೆಯೆತ್ತದೆ ಬರೆಯುತ್ತ, "ಬಿಡಿ ಓಢತಾ ಕಾ?" ಅಂದರು, ಬೀಡಿ ಸೇದುತ್ತೀರೇನು ಅಂತ. ಊರೆಲ್ಲ ಬಿಟ್ಟು ಇಲ್ಲಿಗೆ ಬಂದರೂ ಮೊದಲ ಪ್ರಶ್ನೆ ಅದೇ ಆಯಿತು.

ಅಪ್ಪ ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಇಲ್ಲ ಅಂತ ಎಷ್ಟು ಸಲ ಹೇಳಿರಬಹುದು ಈ ಮನುಷ್ಯ? ಆಮೇಲೆ ಅವ್ವನ ಕಡೆ ಕೈ ತೋರಿಸಿ ಮರಾಠಿಯಲ್ಲಿ, "ಹ್ಯಾಂನಾ ವಿಚಾರಾ" ಅಂದ. ಇವರನ್ನು ಕೇಳಿ ಅಂತ. ಅದರಲ್ಲಿ ಸಿಟ್ಟಿರಲಿಲ್ಲ. ತನ್ನ ಮಾತು ನಡೆಯುವುದಿಲ್ಲ ಅಂತ ಗೊತ್ತಿದ್ದವನು ಹೇಳಿದ ಹಾಗೆ ಹೇಳಿದ.

ಡಾಕ್ಟರ್ ಪೆನ್ನು ನಿಲ್ಲಿಸಿ ಅವ್ವನನ್ನು ನೋಡಿದರು. ಅವ್ವ ಸೆರಗು ಸರಿಮಾಡಿಕೊಂಡಳು.

"ನಾಹೀ" ಅಂದಳು. ಸ್ವಲ್ಪ ತಡೆದು, ಡಾಕ್ಟರರಿಗೆ ತಿಳಿಯದ ಕನ್ನಡದಲ್ಲಿ, "ಸೇದಂಗಿಲ್ಲ ಅವ್ರು" ಅಂದಳು. ಅದನ್ನು ಅವಳು ಹೇಳಿದ್ದು ಅಪ್ಪನಿಗೆ.

ಊದಿಸುವ ಪರೀಕ್ಷೆಯಲ್ಲಿ ಅಪ್ಪ ಮತ್ತೆ ಒಂದೆರಡು ಸಲ ಎಳೆದ. ಅಲ್ಲಿಯ ಹುಡುಗಿ ಗದರಿಸಲು ಹೋದಳು. ಮಗ್ಗದವರು, ಲಾಳಿ ಎಳೆದ ರೂಢಿ, ಸಾವಕಾಶ ಊದುತ್ತಾರೆ ಅಂತ ನಾನೇ ಅಡ್ಡ ಹೋಗಿ ಹೇಳಿದೆ. ಎದೆಯ ಫೋಟೋ, ರಕ್ತ, ಎಲ್ಲ ಆಯಿತು. ಧೂಳಿನದೇ ಅಂತ ಡಾಕ್ಟರೂ ಹೇಳಿದರು. ಮಗ್ಗದ ಹತ್ತಿರ ಇನ್ನು ನಿಲ್ಲಬಾರದು, ಬೇರೆ ಕೆಲಸ ನೋಡಿಕೊಳ್ಳಬೇಕು, ಕೆಟ್ಟಷ್ಟು ಕೆಟ್ಟಿದೆ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಂದರು. ಅಪ್ಪ ಈಗ ಊರಾಚೆಯ ಒಂದು ಉಗ್ರಾಣದ ಬಾಗಿಲು ಕಾಯುತ್ತಾನೆ. ಅದು ಆಮೇಲಿನ ಮಾತು.

ಔಷಧದ ಕಿಟಕಿಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಯಂತ್ರ ಕೊಟ್ಟರು.

ಅದರೊಳಗೆ ಪುಡಿ ತುಂಬಿದ ಕ್ಯಾಪ್ಸೂಲ್ ಇಟ್ಟು, ತಿರುವಿ, ಬಾಯಿಗಿಟ್ಟು ಎಳೆದುಕೊಳ್ಳಬೇಕು. ಕಿಟಕಿಯವರು ಬೇಸರದಿಂದ, ಎಲ್ಲರೂ ಇದನ್ನು ಊದಿ ಪುಡಿ ಹಾರಿಸುತ್ತಾರೆ, ನೀವಾದರೂ ಸರಿಯಾಗಿ ಕಲಿತುಕೊಂಡು ಹೋಗಿ ಅಂದರು. ಕಲಿಸಲು ನಾನು ಕೈ ಚಾಚಿದೆ, ಅದು ನನ್ನ ವಿದ್ಯೆ. ಅಪ್ಪ ಕೊಡಲಿಲ್ಲ. ಬಾಯಿಗಿಟ್ಟುಕೊಂಡ. ಗಲ್ಲ ಒಳಗೆ ಹೋದವು. ಕ್ಯಾಪ್ಸೂಲ್ ಗರ್ರ್ ಅಂತ ತಿರುಗಿತು. ಒಂದು ಚೂರು ಪುಡಿ ಉಳಿಯಲಿಲ್ಲ. ಕಿಟಕಿಯವರು ತಲೆ ಹೊರಗೆ ಹಾಕಿ, ಮೊದಲ ಸಲಕ್ಕೇ ಇಷ್ಟು ಚೊಕ್ಕ ಎಳೆದವರನ್ನು ನೋಡಿಲ್ಲ ಅಂದರು.

"ಮೂವತ್ತ ವರ್ಷ ಇದನ್ನಽ ಮಾಡೇನಿ" ಅಂದ ಅಪ್ಪ ನನಗೆ.

ಅವ್ವ ಬಾಟಲಿಗೆ ನೀರು ತುಂಬಿಸಲು ನಳದ ಕಡೆ ಹೋಗಿದ್ದಳು. ನಾವಿಬ್ಬರೂ ದವಾಖಾನೆಯ ಮೆಟ್ಟಿಲ ಮೇಲೆ ನಿಂತಿದ್ದೆವು. ಅಪ್ಪನ ಉಸಿರು ಸ್ವಲ್ಪ ಹಗುರಾಗಿತ್ತು. ಅದೇ ಹುರುಪಿನಲ್ಲೋ ಏನೋ, ಎರಡೂ ಕೈ ಮೊಣಕಾಲಿನ ಮೇಲಿಟ್ಟು ಬಗ್ಗಿ, ನನ್ನ ಮುಖ ನೋಡಿ "ಹಾ" ಅಂದ. ನಾನು ಅವನಷ್ಟೇ ಎತ್ತರ ಬೆಳೆದಿದ್ದೇನೆ. ಬಗ್ಗುವುದು ಬೇಕಿರಲಿಲ್ಲ. ಅವನು ನಗುತ್ತಿದ್ದ. ನನಗೆ ನಗಲಿಕ್ಕೆ ಆಗಲಿಲ್ಲ.

"ಅಪ್ಪಾ, ಟೈಫಾಯ್ಡ ಬಂದ ವರ್ಷ ನಾ ಸುಳ್ಳ ಹೇಳಿದ್ದೆ. ವಾಸನಿ ಬಂದಿರ್ಲಿಲ್ಲ."

"ಗೊತ್ತೈತಿ" ಅಂದ. "ಸೇದದ ಇದ್ದಾಂವಗ ಗೊತ್ತಿರೂದಿಲ್ಲೇನ?"

"ಮತ್ತ ಅವತ್ತಽ ಯಾಕ ಅವ್ವಗ ಹೇಳ್ಲಿಲ್ಲ?"

ಅವನು ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದ. "ಹೇಳಿದ್ರ ನೀ ಸುಳ್ಳಬುರಕಿ ಆಗ್ತಿದ್ದಿ. ನಿಮ್ಮವ್ವ ಒಮ್ಮೆ ಸಂಶೇ ಹಿಡದ್ಲಂದ್ರ ಬಿಡಾಕಿ ಅಲ್ಲ, ನಿನಗ ಗೊತ್ತಽ ಐತಿ. ನಾ ಹೆಂಗೂ ಸಂಶೇದಾಗ ಇದ್ದಾಂವ. ನೀ ಯಾಕ ಬರ್ಬೇಕು ಅದರಾಗ?"

ಅಷ್ಟರಲ್ಲಿ ಅವ್ವ ಬಂದಳು. ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದಳು. ಅವಳ ಕಣ್ಣು ಸಣ್ಣಗಾದವು. "ಏನ ನಡದೈತಿ ಇಬ್ಬರದೂ?" ಅಂದಳು.

ಏನಿಲ್ಲ ಅನ್ನಲು ಅಪ್ಪ ಬಾಯಿ ತೆರೆದಿದ್ದ. ನಾನು ಅವನ ತೋಳು ಹಿಡಿದೆ.

"ಅವ್ವಾ, ಅಪ್ಪನ ಬಾಯಾಗ ಬೀಡಿ ವಾಸನಿ ಇಲ್ಲ" ಅಂದೆ. "ನನಗ ಟೈಫಾಯ್ಡ ಬಂದ ವರ್ಷ ಐತಿ ಅಂದಿದ್ನೆಲ್ಲ, ಅವತ್ತೂ ಇರ್ಲಿಲ್ಲ."